ತಿರುಗಿ ನಿಂತ ಎನ್

ಎಪ್ಪತ್ತರ ದಶಕದ ಆ ದಿನಗಳಲ್ಲಿ ಸಿಂದಗಿ ಕಡೆಯ ಸಾಲಿಗಳಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದುದೇ ಐದನೆಯ ಇಯತ್ತೆಗೆ. ಇಪ್ಪತ್ತಾರು ಅಕ್ಷರ ಬಂದದ್ದೇ ತಡ, ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬಸ್ಸು, ಬೆಂಕಿಪೊಟ್ಟಣ, ಏನು ಕಂಡರೂ ಕೂಡಿಸಿ ಓದುವ ಚಟ.

ಊರಲ್ಲಿ ಬ್ರಿಟಿಷರ ಕಾಲದ ಆಂಗ್ಲಿಕನ್ ಚರ್ಚೊಂದಿತ್ತು. ಜನ ಅದನ್ನು ಸಾಹೇಬರ ಗುಡಿ ಎನ್ನುತ್ತಿದ್ದರು. ಅದರ ಬೇವಿನ ನೆರಳಲ್ಲಿ ನಾವು ಕುಂಟಾಟ ಆಡುವಾಗ ನಾವು ಆಯಿ ಎಂದು ಕರೆಯುತ್ತಿದ್ದ ನಮ್ಮ ಅಜ್ಜಿ, ಬಿಸಿ ಸೀತನಿ ಮತ್ತು ನೆಂಚಿಕೊಳ್ಳಲು ಶೇಂಗಾ ಹಿಂಡಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬರುತ್ತಿದ್ದಳು. ಸುಟ್ಟ ಎಳೆಜೋಳದ ಆ ವಾಸನೆ ಇನ್ನೂ ಮೂಗಿನಲ್ಲಿದೆ. ಆಯಿಯ ಅಪ್ಪ ಕಲ್ಲುಕುಟಿಗ. ಚರ್ಚಿನ ಬಾಗಿಲ ಮೇಲಿನ ಇಂಗ್ಲಿಷ್ ಬರಹ ಕೆತ್ತಿದವನು ಅವನೇ.

"ಆಯಿ, ಆ ಎನ್ ಅಕ್ಷರ ಉಲ್ಟಾ ಐತಲ್ಲ," ಎಂದೆ ಒಂದು ದಿನ.

"ಐತಿ. ಅಪ್ಪಗ ಅಕ್ಷರ ಎಲ್ಲಿ ಬರ್ತಿದ್ವು? ಸಾಹೇಬ ಬರದು ಕೊಟ್ಟದ್ದು ನೋಡಿ ಕೆತ್ತಿದ. ಸಾಹೇಬ ನಕ್ಕು, ಇರ್ಲಿ ಬಿಡು ಅಂದನಂತ. ಉಳದ ಕಲ್ಲು ಯಾರ್ ಕಡದಾರೋ ಏನೋ. ಅದೊಂದು ಮಾತ್ರ ನಮ್ಮಪ್ಪಂದು ಅಂತ ಗುರ್ತ ಸಿಗತೈತಿ."

ಸಾಲಿಯಲ್ಲಿ ಹಳೆಯ ಕಟ್ಟಡದ ಮಹತ್ವ ಕುರಿತು ನಿಬಂಧ ಬರೆಸಿದರು. ಚರ್ಚನ್ನು ನನ್ನ ಮುತ್ಯಾ, ಅಂದರೆ ಆಯಿಯ ಅಪ್ಪ, ಕಟ್ಟಿದ ಎಂದು ಬರೆದೆ. ಮಾಸ್ತರರು ಕೆಂಪು ಗೆರೆ ಎಳೆದರು.

"ಕಲ್ಲಿನ ಮ್ಯಾಲ ಸಾಹೇಬನ ಹೆಸರೈತಿ. ನಿಮ್ಮ ಮುತ್ಯಾಂದು ಎಲ್ಲೈತವಾ?"

ವರ್ಗವೆಲ್ಲ ನಕ್ಕಿತು. ನನಗೆ ಮೈ ಉರಿದುಹೋಯಿತು. "ಅದರಾಗ ಎನ್ ಅಕ್ಷರ ತಪ್ಪೈತ್ರಿ ಸರ್. ಅದಽ ನಮ್ಮ ಮುತ್ಯಾಂದ್ರಿ."

ಮಾಸ್ತರರ ಕಿವಿಗೆ ಬಿದ್ದದ್ದು ತಪ್ಪು ಎಂಬ ಮಾತೊಂದೇ. ಸ್ವತಃ ಹೋಗಿ ನೋಡಿ, ಚರ್ಚಿನ ಹಿರಿಯರಿಗೆ ಹೇಳಿಬಂದರು. ದೊಡ್ಡ ಪಾದ್ರಿಗಳು ಬರುವವರಿದ್ದರು, ಅವರಿಗೂ ಮರ್ಯಾದೆಯ ಪ್ರಶ್ನೆ. ಎಂಟು ದಿನದಲ್ಲಿ ಹಳೆಯ ಕಲ್ಲು ಕೆಳಗಿಳಿದು, ಒಡೆದು, ಕಂಪೌಂಡಿನ ಪಾಯಕ್ಕೆ ಹೋಯಿತು. ಎಲ್ಲ ಅಕ್ಷರ ನೆಟ್ಟಗಿದ್ದ ಹೊಸ ಕಲ್ಲು ಬಂತು. ತಪ್ಪು ಹಿಡಿದ ಜಾಣೆ ಎಂದು ಮಾಸ್ತರರು ನನಗೊಂದು ಪೆನ್ಸಿಲ್ ಕೊಟ್ಟರು. ನಾನು ಅದನ್ನು ತೆಗೆದುಕೊಂಡೆ.

ಆಯಿ ಸೀತನಿ ತಂದವಳು ಬಾಗಿಲ ಮೇಲೆ ನೋಡಿದಳು. ಅವಳಿಗೆ ಗೊತ್ತಿದ್ದ ಅಕ್ಷರ ಆ ಉಲ್ಟಾ ಎನ್ ಒಂದೇ.

"ಅಪ್ಪಂದೆಲ್ಲೈತಿ?"

"ತಪ್ಪಿತ್ತಲ್ಲ ಆಯಿ, ತಗದ್ರು."

"ತಪ್ಪೈತಿ ಅಂತ ಅವರಿಗೆ ಯಾರು ಹೇಳಿದ್ರು?"

"ಮಾಸ್ತರು," ಎಂದೆ.

ಆಯಿ ಹೋಗಿ ಎಷ್ಟೋ ವರ್ಷವಾಯಿತು. ಈಗ ಚರ್ಚಿನ ಇತಿಹಾಸ ಬರೆಯುವವರು ಬಂದು ಹೊಸ ಕಲ್ಲಿನ ಮೇಲಿನ ಸಾಹೇಬನ ಹೆಸರು ಬರೆದುಕೊಂಡು ಹೋಗುತ್ತಾರೆ. ಮುತ್ಯಾನ ವಿಷಯ ಹೇಳಿದರೆ, "ಆಧಾರ ಏನೈತ್ರಿ ಅಕ್ಕಾರ?" ಎನ್ನುತ್ತಾರೆ. ಸಿಟ್ಟು ನೆತ್ತಿಗೇರುತ್ತದೆ, ಆದರೆ ಯಾರ ಮೇಲೆ ತೋರಿಸಲಿ? ಇದ್ದ ಒಂದೇ ಆಧಾರವನ್ನು ತಪ್ಪು ಎಂದು ಹಿಡಿದುಕೊಟ್ಟವಳು ನಾನೇ. ಆಯಿಗೆ ಅದನ್ನು ಕೊನೆಗೂ ಹೇಳಲಿಲ್ಲ.