ಪುಕ್ಕಟೆ ಸೂಜಿಯ ಸಾಲು

ಕಂಪ್ಲಿಯಲ್ಲಿ ನಮ್ಮದು ಬೆಲ್ಲದ ಅಂಗಡಿ. ಪ್ರತಿ ಅಮಾವಾಸ್ಯೆಗೆ ಅಂಗಡಿಯ ಮುಂದೆ ಜೋಳದ ನುಚ್ಚು, ಮಜ್ಜಿಗೆ ಹಂಚುವುದು ಅಜ್ಜನ ಕಾಲದಿಂದ ಬಂದದ್ದು. ಗಾಣದ ಕೂಲಿಗಳು, ಹರಿಗೋಲು ಹಾಕುವವರು, ಕಟ್ಟಿಗೆ ಹೊರುವ ಹೆಂಗಸರು ಬೀದಿಯಲ್ಲಿ ಸಾಲಾಗಿ ಕೂರುತ್ತಿದ್ದರು. ಬಡಿಸುವ ಕೈ ಮನೆಯ ಹಿರಿಯನದೇ ಆಗಬೇಕು. ಅಪ್ಪ ತೀರಿಕೊಂಡ ಮೇಲೆ ಅದು ನನ್ನ ಕೈಯಾಯಿತು. ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟು ಅಂಗಡಿಯಲ್ಲಿ ಕೂತವನು. ನಮ್ಮ ಮನೆಯವರು ಕೊಡುತ್ತಾರೆ, ಧರ್ಮಕ್ಕೆ ಇಸಿದುಕೊಳ್ಳುವುದಿಲ್ಲ ಎಂದು ಅಪ್ಪ ಕಲಿಸಿದ್ದರು. ಅದರಷ್ಟು ಗಟ್ಟಿಯಾಗಿ ನಾನು ಬೇರೇನನ್ನೂ ಕಲಿತಿರಲಿಲ್ಲ.

ಮೊದಲನೇ ದೊಡ್ಡ ಯುದ್ಧಕ್ಕೆ ಕೆಲವು ವರ್ಷ ಹಿಂದಿನ ಮಾತು. ದೀಪಾವಳಿ ಕಳೆದದ್ದೇ ಪೇಟೆಯಲ್ಲಿ ಇಲಿ ಸತ್ತು ಬೀಳತೊಡಗಿದವು. ಪ್ಲೇಗು ಬಂತೆಂದು ಊರಿಗೆ ಊರೇ ಬಾಗಿಲು ಹಾಕಿಕೊಂಡು ಹೊಲಗಳಿಗೆ ಹೊರಟಿತು. ನಾವು ಕಬ್ಬಿನ ಗದ್ದೆಯ ಆಚೆ ಎರಡು ಗುಡಿಸಲು ಹಾಕಿಕೊಂಡೆವು. ಅವ್ವ, ನಾನು, ನನ್ನ ಹೆಂಡತಿ, ನನ್ನ ತಮ್ಮ. ತಮ್ಮನಿಗೆ ಹತ್ತೊಂಬತ್ತು ನಡೆಯುತ್ತಿತ್ತು.

ಮುಂದಿನ ವಾರ ಸರಕಾರದ ಡಾಕ್ಟರು ಬಂದು ಊರ ಹೊರಗಿನ ಬೇವಿನ ಮರದ ಕೆಳಗೆ ಮೇಜು ಹಾಕಿದರು. ಪ್ಲೇಗು ಬರದ ಹಾಗೆ ತೋಳಿಗೆ ಸೂಜಿ ಚುಚ್ಚುತ್ತಾರೆ, ಸಾಹುಕಾರನಿಗೂ ಕೂಲಿಯವನಿಗೂ ಪುಕ್ಕಟೆ ಎಂದು ಡಂಗುರ ಹೊಡೆಸಿದರು. ತಮ್ಮ ನೋಡಿಕೊಂಡು ಬಂದ.

"ಅಣ್ಣ, ನಡಿ ಹೋಗಿ ಬರೂಣು. ಭಾಳ ಮಂದಿ ಹಾಕಿಸ್ಕೊಳ್ಳಾಕತ್ತಾರ."

"ಸಾಲಿನ್ಯಾಗ ಯಾರ್ಯಾರು ನಿಂತಾರ, ನೋಡಿದೇನು?"

"ನೋಡೀನಿ. ಅಮಾಸಿಗೆ ನಮ್ಮ ಅಂಗಡಿ ಮುಂದ ಕುಂದ್ರೋರ."

"ಅವರ ಹಿಂದ ನಾ ಹೋಗಿ ಕೈ ಒಡ್ಡಬೇಕೇನು?"

"ಕೈ ಒಡ್ಡೂದಲ್ಲೋ ಮಾರಾಯಾ, ತೋಳು," ಎಂದು ನಕ್ಕ. "ಇಲಿ ಏನು ಸಾವ್ಕಾರ್ರ ಮನಿ ಅಂತ ಕೇಳಿ ಹೊಳ್ಳಿ ಹೋಗ್ತದಾ?"

ನನಗೆ ನಗು ಬರಲಿಲ್ಲ. ಬಳ್ಳಾರಿಯಿಂದ ಫೀಜು ಕೊಟ್ಟು ಡಾಕ್ಟರನ್ನು ಇಲ್ಲಿಗೇ ಕರೆಸುತ್ತೇನೆ, ಯಾರೂ ಆ ಮೇಜಿನ ಹತ್ತಿರ ಸುಳಿಯಬಾರದು ಎಂದೆ. ತಮ್ಮ ವಾದ ಮಾಡಲಿಲ್ಲ. ನನ್ನ ಮಾತು ಮೀರಿ ಅಭ್ಯಾಸವಿರಲಿಲ್ಲ ಅವನಿಗೆ. ಮೂರು ದಿನ ಕಳೆದು ಮೇಜು ಕಮಲಾಪುರದ ಕಡೆ ಹೋಯಿತು. ಬಳ್ಳಾರಿಯ ಡಾಕ್ಟರಿಗೆ ಆಳು ಕಳಿಸಿದೆ. ಬರುತ್ತೇನೆ, ದಿನ ಹೇಳಲಾರೆ ಎಂದು ಉತ್ತರ ಬಂತು.

ಆಮೇಲೆ ನಾನು ಬೆಲ್ಲದ ಗಾಡಿ ಹೊಡೆಸಿಕೊಂಡು ಹೊಸಪೇಟೆಗೆ ಹೋದೆ. ಪೇಟೆ ಬೀದಿಯಲ್ಲಿ ರೋಗ ಹೋಗಲೆಂದು ಅರ್ಧ ಮನೆಗಳ ಹಂಚು ತೆಗೆದು ಒಳಗೆ ಬಿಸಿಲು ಬೀಳಿಸಿದ್ದರು. ಒಂದು ಹೆಣ ಹೊತ್ತು ಹೋದವರು ತಿರುಗಿ ಅದೇ ಓಣಿಗೆ ಇನ್ನೊಂದಕ್ಕೆ ಬರುತ್ತಿದ್ದುದನ್ನು ಕಣ್ಣಾರೆ ಕಂಡೆ. ಸ್ಟೇಷನ್ನಿನ ಹತ್ತಿರ ಕಂಪ್ಲಿಯಲ್ಲಿದ್ದಂಥದೇ ಮೇಜು, ಅಂಥದೇ ಸಾಲು. ಅಲ್ಲಿ ನನ್ನ ಗುರುತಿನವರು ಒಬ್ಬರೂ ಇರಲಿಲ್ಲ. ಗಾಡಿಯವನನ್ನು ಎತ್ತಿಗೆ ನೀರು ಕುಡಿಸಲು ಕಳಿಸಿ, ತಲೆಗೆ ಟವಲು ಹೊದ್ದು ಸಾಲಿನಲ್ಲಿ ನಿಂತೆ.

ಮುಂದೆ ನಿಂತಿದ್ದ ಹಮಾಲ ತಿರುಗಿ ನೋಡಿದ. "ಯಾಕ್ರೀ, ಮಾರಿ ಮುಚ್ಕೊಂಡೀರಿ? ಮದುವಿ ಹೆಣ್ಣೇನು?"

ಸುತ್ತಲಿನವರು ನಕ್ಕರು. ನಾನು ಟವಲನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡೆ. ಸೂಜಿ ಚುಚ್ಚಿದ ಕಾಂಪೌಂಡರು, "ಎರಡು ಮೂರು ದಿನ ಜ್ವರ ಬರ್ತದ, ತೋಳು ಬಾತ್ಕೊಳ್ತದ. ಅಂಜಬ್ಯಾಡ್ರಿ, ತಾನಾಗೇ ಹೋಗ್ತದ," ಎಂದು ಹೇಳಿ ಕಳಿಸಿದ.

ಅವನು ಹೇಳಿದ ಹಾಗೇ ಆಯಿತು. ಮರುದಿನ ಗುಡಿಸಲಿಗೆ ಬಂದಾಗ ಮೈ ಕೆಂಡವಾಗಿತ್ತು. ಹೊಸಪೇಟೆಯಿಂದ ಬಂದವನಿಗೆ ಜ್ವರವೆಂದರೆ ಯಾರಾದರೂ ಏನೆಂದುಕೊಳ್ಳಬೇಕು? ಅವ್ವ ನೆಲಕ್ಕೆ ಕುಸಿದಳು. ಸೂಜಿ ಹಾಕಿಸಿಕೊಂಡು ಬಂದೆ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದ್ದರೆ, ನಮಗೆ ಬ್ಯಾಡ ಅಂದವನು ನೀನು ಹೆಂಗ ಹಾಕಿಸ್ಕೊಂಡಿ ಎಂದು ಕೇಳುತ್ತಿದ್ದರು. ಆ ಪ್ರಶ್ನೆಗೆ ಅಂಜಿ ಕಂಬಳಿ ಎಳೆದುಕೊಂಡು ಮಲಗಿದೆ.

ತಮ್ಮ ಅವ್ವನನ್ನೂ ನನ್ನ ಹೆಂಡತಿಯನ್ನೂ ಇನ್ನೊಂದು ಗುಡಿಸಲಿಗೆ ಕಳಿಸಿ ತಾನು ನನ್ನ ಹತ್ತಿರ ಉಳಿದ. "ನೀನೂ ಹೋಗೋ," ಎಂದೆ. "ಸುಮ್ನ ಮಲ್ಕೋ," ಎಂದು ಹಣೆಗೆ ಒದ್ದೆ ಬಟ್ಟೆ ಹಾಕಿದ. ಅಂಗಿ ತಾಗಿದರೂ ಸೂಜಿ ಚುಚ್ಚಿದ ತೋಳು ನೋಯುತ್ತಿತ್ತು. ಅವನಿಗೆ ಕಾಣಬಾರದೆಂದು ಆ ಮಗ್ಗುಲಿಗೇ ಹೊರಳಿಕೊಂಡೆ.

ಎರಡನೇ ದಿನ ಬೆಳಿಗ್ಗೆ ಅವನು ಎದ್ದು ಹೋದದ್ದು ನನಗೆ ಗೊತ್ತಾಗಲಿಲ್ಲ. ಬಂದವನ ಕೈಯಲ್ಲಿ ಒಣಶುಂಠಿ, ಮೆಣಸು ಇದ್ದವು. ಮುಚ್ಚಿದ ಅಂಗಡಿಯ ಬೀಗ ತೆಗೆದು ತಂದಿದ್ದ, ನನಗೆ ಕಷಾಯಕ್ಕೆ.

"ಅಂಗಡ್ಯಾಗ ಇಲಿ ಬಿದ್ದಿದ್ವೇನು?" ಎಂದು ಕೇಳಿದೆ.

"ಮೂರು ನಾಕು ಬಿದ್ದಿದ್ವು. ಕಾಲಿಲೆ ಅತ್ತ ಸರಿಸಿ ಬಂದೆ."

ಕಷಾಯ ಕುಡಿದೆ. ಮೂರನೇ ದಿನ ಎದ್ದು ಕೂತಾಗ ತಮ್ಮನಿಗಾದ ಸಂತೋಷ ಹೇಳತೀರದು. ಅಕ್ಕಪಕ್ಕದ ಗುಡಿಸಲುಗಳಿಗೆಲ್ಲ ಹೋಗಿ, ಅಣ್ಣ ಪ್ಲೇಗು ಗೆದ್ದ ಎಂದು ಹೇಳಿ ಬಂದ. ಜನ ದೂರದಲ್ಲಿ ನಿಂತು ನನ್ನನ್ನು ನೋಡಿ ಕೈಮುಗಿದರು. ನಾನೂ ಮುಗಿದೆ.

ಅಂಗಡಿಗೆ ಹೋಗಿ ಬಂದ ನಾಲ್ಕನೇ ದಿನ ಅವನಿಗೆ ಚಳಿ ಹತ್ತಿತು. ಸಂಜೆಯೊಳಗೆ ತೊಡೆಯ ಸಂದಿಯಲ್ಲಿ ಗಡ್ಡೆ ಎದ್ದಿತು. ಕಮಲಾಪುರದಲ್ಲಿದ್ದ ಸರಕಾರದ ಡಾಕ್ಟರಿಗೆ ಆಳು ಓಡಿಸಿದೆ. ಇದು ಬರುವ ಮೊದಲು ಹಾಕುವ ಸೂಜಿ, ಬಂದ ಮೇಲೆ ಇದರಿಂದ ಏನೂ ಆಗುವುದಿಲ್ಲ ಎಂದು ಹೇಳಿ ಕಳಿಸಿದರು.

ತಮ್ಮ ಮಾತ್ರ ಅಂಜಲಿಲ್ಲ. "ನಿನಗ ಬಂದು ಹೋತಲ್ಲ ಅಣ್ಣ. ಮೂರು ದಿನಕ್ಕ ಎದ್ದಿ. ನಂದೂ ನಿನ್ನಂಥದ ಮೈ. ನಾಳಿ ಒಂದು ದಿನ ಕಳದ್ರ ಆತು." ನನ್ನ ಕೈ ಹಿಡಿದುಕೊಂಡಿದ್ದ. "ಹೌದಿಲ್ಲೋ?"

"ಹೂಂ," ಎಂದೆ.

ಮರುದಿನ ಮಾತು ತೊದಲಿತು. ಅದರ ಮರುದಿನ ಮಧ್ಯಾಹ್ನ ಹೋಗಿಬಿಟ್ಟ. ಹೊರಲು ನಾಲ್ಕು ಜನ ಬರಲಿಲ್ಲ. ನಾನೂ ಗಾಡಿಯವನೂ ಹೊಲದ ಅಂಚಿನಲ್ಲೇ ಕುಣಿ ತೋಡಿದೆವು.

ಹತ್ತು ದಿನಕ್ಕೆ ಆ ಮೇಜು ತಿರುಗಿ ಕಂಪ್ಲಿಗೆ ಬಂತು. ಬಳ್ಳಾರಿಯ ಡಾಕ್ಟರು ಅಲ್ಲಿಯತನಕ ಬಂದಿರಲಿಲ್ಲ. ಅವ್ವ ನನ್ನನ್ನು ಕೇಳಲಿಲ್ಲ. ಸೆರಗು ಹೊದ್ದು ನನ್ನ ಹೆಂಡತಿಯ ಕೈ ಹಿಡಿದು ನಡೆದಳು. ನಾನು ಹಿಂದೆ ಹೋದೆ. ಸಾಲಿನಲ್ಲಿದ್ದವರು ನಮ್ಮನ್ನು ಕಂಡು ಪಕ್ಕಕ್ಕೆ ಸರಿದು, "ನೀವು ಮುಂದ ಹೋಗ್ರೆವ್ವ," ಎಂದರು. "ಬ್ಯಾಡ," ಎಂದು ಅವ್ವ ಸಾಲಿನ ಕೊನೆಗೇ ನಿಂತಳು. ನಮ್ಮ ಹಿಂದೆ ಕಟ್ಟಿಗೆ ಹೊರುವ ಹೆಂಗಸೊಬ್ಬಳು ಬಂದು ನಿಂತಳು, ಕಂಕುಳಲ್ಲಿ ಮಗು.

ಅವ್ವನಿಗೆ ಚುಚ್ಚಿದರು, ಹೆಂಡತಿಗೆ ಚುಚ್ಚಿದರು. ಇಲ್ಲಿಯ ಕಾಂಪೌಂಡರು ನನ್ನ ಕಡೆ ನೋಡಿದ. ನನಗೆ ಆಗಿದೆ ಎನ್ನಲು ಬಾಯಿ ತೆರೆದೆ. ಅವ್ವ ತೋಳು ಒತ್ತಿಕೊಂಡು ಪಕ್ಕದಲ್ಲೇ ನಿಂತು ನನ್ನನ್ನು ನೋಡುತ್ತಿದ್ದಳು. ಅಂಗಿ ಬಿಚ್ಚಿ ಇನ್ನೊಂದು ತೋಳು ಕೊಟ್ಟೆ.

ಅವನು ಸೂಜಿ ಕಿತ್ತು, ಸೀಸೆಯನ್ನು ಬಿಸಿಲಿಗೆ ಹಿಡಿದು ನೋಡಿದ. "ಇವತ್ತಿಂದು ಮುಗೀತು. ನಾಳಿ ಬಾರವ್ವ," ಎಂದು ನನ್ನ ಹಿಂದಿನವಳಿಗೆ ಹೇಳಿದ.

"ನಾಳಿ ಕಟ್ಟಿಗಿಗೆ ಹೋಗಬೇಕ್ರಿ ಎಪ್ಪಾ," ಎಂದಳು ಅವಳು. ಮಗುವನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡು ಹೊಳೆಯ ದಾರಿ ಹಿಡಿದಳು.