ಆಪರೇಷನ್ ಥಿಯೇಟರಿನ ಚಿತ್ರಗಾರ್ತಿ

ಆಸ್ಪತ್ರೆಯಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದುದು ಡ್ರಾಯಿಂಗ್ ಟೀಚರ್ ಎಂದೇ. ಶಾಲೆ ಬಿಟ್ಟು ಬಂದು ಎಷ್ಟೋ ವರ್ಷವಾದರೂ ಆ ಹೆಸರು ಬಿಟ್ಟಿರಲಿಲ್ಲ. ಎದೆಯ ಆಪರೇಷನ್ ನಡೆಯುವಾಗ ಸರ್ಜನ್ನರ ಬೆನ್ನ ಹಿಂದೆ ಸ್ಟೂಲಿನ ಮೇಲೆ ನಿಂತು, ಕಂಡದ್ದನ್ನು ಪೆನ್ಸಿಲಿನಲ್ಲಿ ಬರೆದುಕೊಂಡು, ಆಮೇಲೆ ವಿದ್ಯಾರ್ಥಿಗಳಿಗಾಗಿ ಬಣ್ಣ ತುಂಬಿಕೊಡುವುದು ಅವರ ಕೆಲಸ. ಕ್ಯಾಮೆರಾ ಇಲ್ಲವೇ ಎಂದು ಯಾರಾದರೂ ಕೇಳಿದರೆ, "ಅದು ಕಂಡಿದ್ದನ್ನೆಲ್ಲ ಹಿಡಿಯುತ್ತೆ. ಓದೋರಿಗೆ ಅಷ್ಟೆಲ್ಲ ಬೇಡ," ಎನ್ನುತ್ತಿದ್ದರು.

ಕೆಲಸಕ್ಕೆ ಸೇರುವ ಮುಂಚೆ ಚಿಕ್ಕಮ್ಮ ಹೆದರಿಸಿದ್ದರು: "ತಲೆ ತಿರುಗಿ ಬಿದ್ರೆ ನಿನ್ನನ್ನೂ ಪಕ್ಕದಲ್ಲೇ ಮಲಗಿಸಿ ಹೊಲಿದುಬಿಡ್ತಾರೆ ಕಣೇ."

ತಲೆಯೇನೂ ತಿರುಗಲಿಲ್ಲ. ಮೊದಲ ದಿನ ಹಿರಿಯ ಡಾಕ್ಟರು ಶ್ವಾಸಕೋಶದ ಕೆಟ್ಟ ಭಾಗ ತೆಗೆದು, ಹೊಲಿದು, ತೆರೆದ ಎದೆಯೊಳಗೆ ಬೆಚ್ಚನೆಯ ನೀರು ಸುರಿದು, "ಗಾಳಿ ತುಂಬಿ," ಎಂದರು. ಮುದುಡಿ ಬಿದ್ದಿದ್ದ ಶ್ವಾಸಕೋಶ ಮೆಲ್ಲಗೆ ಉಬ್ಬಿತು. ಎಲ್ಲರೂ ಗುಳ್ಳೆ ಏಳುತ್ತದೆಯೇ ಎಂದು ನೀರನ್ನೇ ದಿಟ್ಟಿಸುತ್ತಿದ್ದರು. ಟೀಚರ್ ಮಾಸ್ಕಿನೊಳಗೇ ಕಿಸಕ್ಕನೆ ನಕ್ಕುಬಿಟ್ಟರು.

"ಏನಾಯ್ತಮ್ಮ?"

"ನಮ್ಮಪ್ಪಂದು ಪಂಚರ್ ಅಂಗಡಿ ಸರ್. ಟ್ಯೂಬ್ ಹೀಗೇ ನೋಡ್ತಿದ್ರು."

"ಸದ್ಯ, ನಾವು ಮಾಡ್ತಿರೋದು ಸರಿ ಅಂತಾಯ್ತು," ಎಂದರು ಡಾಕ್ಟರು, ನೀರಿನಿಂದ ಕಣ್ಣು ಕೀಳದೆ.

ಮನೆಯಲ್ಲಿ ಈ ಮನುಷ್ಯ ಲೋಟ ಬೀಳಿಸದ ದಿನವಿಲ್ಲವೆಂದು ಅವರ ಹೆಂಡತಿಯೇ ಹೇಳುತ್ತಿದ್ದರು. ಇಲ್ಲಿ ಅವೇ ಬೆರಳುಗಳು ಕೂದಲೆಳೆಯಂಥ ದಾರಕ್ಕೆ ಅಂಗೈ ಆಳದಲ್ಲಿ ಗಂಟು ಹಾಕುತ್ತಿದ್ದವು. ಟೀಚರ್‌ಗೆ ನೋಡಿದಷ್ಟೂ ಸಾಲದು.

ಹಿರಿಯರು ನಿವೃತ್ತರಾದ ಮೇಲೆ ಅವರ ಶಿಷ್ಯೆ ಆ ಜಾಗಕ್ಕೆ ಬಂದರು. ಒಂದು ಮಧ್ಯಾಹ್ನ ಆಕೆ ನೇರ ಟೀಚರ್ ಅವರ ಚಿತ್ರದ ಕೋಣೆಗೇ ಬಂದು ನಿಂತರು. ಹದಿನಾಲ್ಕು ವರ್ಷದ ಹಿಂದೆ ಎಡ ಶ್ವಾಸಕೋಶದ ಆಪರೇಷನ್ ಆಗಿದ್ದ ಬಸ್ ಕಂಡಕ್ಟರ್ ಒಬ್ಬರಿಗೆ ಅಲ್ಲೇ ಮತ್ತೆ ಗಡ್ಡೆ. ಹಳೆಯ ಗಾಯ ಒಣಗಿ ಒಳಗೆಲ್ಲ ಅಂಟಿಕೊಂಡಿದೆ. ಸ್ಕ್ಯಾನಿನಲ್ಲಿ ಒಂದು ರಕ್ತನಾಳದ ದಾರಿ ಸ್ಪಷ್ಟವಿಲ್ಲ.

ಬೀರು ತಡಕಾಡಿ ಟೀಚರ್ ಆ ಹಳೆಯ ಆಪರೇಷನ್ನಿನಲ್ಲಿ ತಾವು ಬರೆದಿದ್ದ ಹಾಳೆ ತೆಗೆದರು. ಉಸಿರ್ನಾಳದ ಮುಂದೆ ಹೋಗಬೇಕಾದ ರಕ್ತನಾಳದ ಕವಲೊಂದು ಹಿಂದಿನಿಂದ ಸುತ್ತಿಕೊಂಡಿತ್ತು.

"ಇದು ನಿಜವಾಗ್ಲೂ ಹೀಗೇ ಇತ್ತಾ ಟೀಚರ್? ನೋಡೋಕೆ ಚೆನ್ನಾಗಿರ್ಲಿ ಅಂತ ಸ್ವಲ್ಪ ಸರಿಸಿದ್ರಾ?"

"ಯಾರ ಎದೆಯನ್ನೂ ನಾನು ಚೆಂದ ಮಾಡಿಲ್ಲ ಡಾಕ್ಟರಮ್ಮ. ಇದ್ದ ಹಾಗೆ ಬರ್ದಿದ್ದೀನಿ."

ಮರುದಿನ ಬೆಳಿಗ್ಗೆ ಹಾಳೆ ಥಿಯೇಟರಿನ ಗೋಡೆ ಏರಿತು. ಹೇಳಿದ್ದೇನೋ ಧೈರ್ಯವಾಗಿಯೇ, ಸ್ಟೂಲು ಹತ್ತಿದ ಮೇಲೆ ಟೀಚರ್‌ಗೆ ಒಂದು ಗೆರೆಯೂ ಎಳೆಯಲಾಗಲಿಲ್ಲ. ಪೆನ್ಸಿಲ್ ಜೇಬಿಗೆ ಹಾಕಿ ಸುಮ್ಮನೆ ನೋಡುತ್ತ ನಿಂತರು. ಡಾಕ್ಟರಮ್ಮ ಅವಸರಪಡಲಿಲ್ಲ. ಅಂಟಿಕೊಂಡದ್ದನ್ನು ಅಕ್ಕಿಕಾಳಿನಷ್ಟು ಬಿಡಿಸುವುದು, ನಿಲ್ಲುವುದು, ಗೋಡೆಯತ್ತ ನೋಡುವುದು, ಮತ್ತಷ್ಟು ಬಿಡಿಸುವುದು. ಎರಡು ಗಂಟೆಯಾದ ಮೇಲೆ, "ಇಲ್ಲಿದೆ," ಎಂದರು ತಗ್ಗಿದ ದನಿಯಲ್ಲಿ. ನಾಳ ಉಸಿರ್ನಾಳದ ಹಿಂದೆಯೇ ಇತ್ತು. ಚಿತ್ರವಿಲ್ಲದಿದ್ದರೆ ಮೊದಲ ಕತ್ತರಿ ಅದಕ್ಕೇ ತಾಗುತ್ತಿತ್ತು.

ಹತ್ತನೆಯ ದಿನ ಕಂಡಕ್ಟರ್ ತಾವೇ ನಡೆದುಕೊಂಡು ಚಿತ್ರದ ಕೋಣೆಗೆ ಬಂದರು. "ನನ್ನ ಒಳಗಿಂದು ತೋರಿಸಿ ಮೇಡಂ, ನಾನೊಬ್ಬನೇ ನೋಡಿಲ್ಲ." ಟೀಚರ್ ಕುರ್ಚಿ ಎಳೆದು ಕೂರಿಸಿ ಹಾಳೆ ಹರಡಿದರು. ಶುರುಮಾಡಿದ್ದು ಶ್ವಾಸಕೋಶದಿಂದಲೇ. ಆದರೆ ಐದು ನಿಮಿಷ ಕಳೆಯುವಷ್ಟರಲ್ಲಿ ಮಾತು ಡಾಕ್ಟರಮ್ಮನ ಬೆರಳುಗಳಿಗೆ ಹೊರಳಿತು. ಊಟದ ಹೊತ್ತು ಮೀರಿದರೂ ಕಂಡಕ್ಟರ್ ಏಳಲಿಲ್ಲ.