ದವಡೆಯ ಪರೀಕ್ಷೆ

ಕಂಪ್ಲಿಯ ಕಬ್ಬಿನ ಗದ್ದೆಯಲ್ಲಿ ಎತ್ತಿನ ಲಾಳದ ಮೊಳೆ ನನ್ನ ಅಂಗಾಲಿಗೆ ಹೊಕ್ಕಿತು. ಎಲ್ಲರ ಮನೆಯ ರೂಢಿಯಂತೆ ಹೆಂಡತಿ ಗಾಯಕ್ಕೆ ಸಗಣಿ ಮೆತ್ತಿದಳು. ಹೊಸಪೇಟೆಯ ಡಾಕ್ಟರು ಅದನ್ನು ನೋಡಿ ಹೌಹಾರಿದರು.

"ಇದರಿಂದಾನ ಧನುರ್ವಾಯು ಆಗ್ತದ್ರಿ!" ಎಂದು ಸಗಣಿ ತೆಗೆದು ಗಾಯ ತೊಳೆದು, ಅದನ್ನು ತಡೆಯಲು ಕುದುರೆಯ ರಕ್ತದಿಂದ ತೆಗೆದ ಸೀರಂ ಚುಚ್ಚಿದರು. "ದವಡಿ ಬಿಗೀತಂದ್ರ ಜಲ್ದಿ ಬರ್ರಿ."

ನನ್ನಂಥ ಪುಕ್ಕಲನಿಗೆ ಅದನ್ನು ಹೇಳಬಾರದಿತ್ತು. ಅಂದಿನಿಂದ ಕನ್ನಡಿಯ ಮುಂದೆ ಬಾಯಿ ಅಗಲಿಸಿ ನೋಡುವುದೇ ನನ್ನ ಕಸುಬಾಯಿತು. ವಾರದೊಳಗೆ ದವಡೆ ನಿಜಕ್ಕೂ ನೋಯತೊಡಗಿ, ರೊಟ್ಟಿ ಅಗಿಯಲಾಗಲಿಲ್ಲ. ಆಸ್ತಿ ಹಂಚುವ ಮಾತಾಡುತ್ತಲೇ ಹೆಂಡತಿಯೊಂದಿಗೆ ಜಟಕಾ ಹತ್ತಿದೆ.

ಡಾಕ್ಟರು ಕತ್ತು, ಹೊಟ್ಟೆ ಒತ್ತಿ ನೋಡಿದರು. ಎಲ್ಲೂ ಬಿಗಿತವಿರಲಿಲ್ಲ, ಬಾಯಿಯೂ ಪೂರ್ತಿ ತೆರೆಯಿತು.

"ದಿನಕ್ಕ ಎಷ್ಟು ಸಲ ಬಾಯಿ ತೆಗೆದು ನೋಡ್ತೀರಿ?"

ಹೆಂಡತಿಯೇ ಹೇಳಿದಳು: "ಮುಚ್ಚಿದ್ದು ಯಾವಾಗ ಅಂತ ಕೇಳ್ರಿ."